ಕಿವಿಯಲ್ಲಿ ಹೇಳಬೇಕಾಗಿದ್ದ ಹೆಸರು

ಹರ್ನ್‌ಡನ್, ವರ್ಜೀನಿಯಾ
ನವೆಂಬರ್ 2, 2022

ಮಗಳು ಅಕ್ಷಯಾಳಿಗೆ,

ಶಿವನು ನಿನ್ನನ್ನೂ ಕೂಸನ್ನೂ ತಣ್ಣಗೆ ಇಟ್ಟಿರಲಿ.

"ಅವ್ವಾ, ಸ್ವಲ್ಪ ದಿವ್ಸ ಫೋನ್ ಮಾಡಬ್ಯಾಡ, ನಂಗ ಮಾತಾಡಾಕ ಆಗವಲ್ದು" ಎಂದು ಮೆಸೇಜ್ ಕಳಿಸಿದ್ದೀಯ. ಬೇಡ ಎಂದದ್ದು ಫೋನು. ಪತ್ರ ಬೇಡ ಎಂದಿಲ್ಲ. ಭಾನುವಾರ ಅಡುಗೆಮನೆಯಲ್ಲಿ ಕೂರಿಸಿ ನಿನಗೆ ಕಾಗುಣಿತ ತಿದ್ದಿಸಿದವಳು ನಾನು. "ಇದು ಯಾಕ ಬೇಕು ನಂಗ?" ಎಂದು ಅಳುತ್ತಿದ್ದೆ. ಇದಕ್ಕೇ ಬೇಕಾಗಿತ್ತು ಎಂದು ಕಾಣುತ್ತದೆ.

ತೊಟ್ಟಿಲ ಕಾರ್ಯದ ದಿನ ಆದದ್ದನ್ನು ನೀನು ನಿನ್ನ ಕಣ್ಣಿನಿಂದ ನೋಡಿದ್ದೀಯ. ನನ್ನ ಕಣ್ಣಿನಿಂದಲೂ ಒಮ್ಮೆ ನೋಡು.

ನಿಮ್ಮ ಅಟ್ಲಾಂಟಾದ ಮನೆಯಲ್ಲೇ ಕೂಸನ್ನು ತೊಟ್ಟಿಲಿಗೆ ಹಾಕೋಣ ಎಂದಾಗ ಆರನ್ ಎದುರು ಮಾತಾಡಲಿಲ್ಲ. ಯೆಹೂದ್ಯರ ಹುಡುಗ ಎಂದು ನಿಮ್ಮ ಮದುವೆಗೆ ಮುಂಚೆ ನಾನು ಊಟ ಬಿಟ್ಟು ಮಲಗಿದ್ದೆ. ಆ ಹುಡುಗನೇ ನನ್ನನ್ನು ನಾರ್‌ಕ್ರಾಸಿನ ಅಂಗಡಿಗಳಿಗೆಲ್ಲ ಕಾರಿನಲ್ಲಿ ಸುತ್ತಿಸಿ ವೀಳ್ಯದೆಲೆ, ಅರಿಸಿನದ ಕೊಂಬು, ಕುಬ್ಬಸದ ಖಣ ಕೊಡಿಸಿದ. ಸ್ವಸ್ತಿಕ ಮಾತ್ರ ಎಲ್ಲೂ ಬರೆಯಬಾರದು ಎಂದು ನೀನು ಮೊದಲೇ ಹೇಳಿದ್ದೆ. ಆರನ್‌ನ ಅಜ್ಜಿ ಹೆನ್ಯಾ ಹುಡುಗಿಯಾಗಿದ್ದಾಗ ಜರ್ಮನರು ಅಂಥದೇ ಗುರುತು ತೋಳಿಗೆ ಕಟ್ಟಿಕೊಂಡು ಪೋಲೆಂಡಿನ ಅವಳ ಊರಿಗೆ ಬಂದರು, ಅವಳ ಅಪ್ಪ, ಅವ್ವ, ಅಣ್ಣ ಎಲ್ಲರನ್ನೂ ಒಯ್ದು ಕೊಂದರು ಎಂದು ತಿಳಿಸಿ ಹೇಳಿದ್ದೆ. ನಾನು ಕಳಶದ ಮೇಲೆ ಬರೆಯಲಿಲ್ಲ, ಹೊಸಲಿಗೆ ಬರೆಯಲಿಲ್ಲ. ಕುಂಕುಮದ ಡಬ್ಬಿಯ ಮುಚ್ಚಳದ ಮೇಲೆ ಅಚ್ಚಾಗಿದ್ದುದನ್ನು ಸಹ ಚಾಕುವಿನಿಂದ ಕೆರೆದು ಹಾಕಿದೆ. ದಾಟಬೇಕಾದ ಹಳ್ಳ ಅದೊಂದೇ, ದಾಟಿದೆ ಎಂದುಕೊಂಡೆ.

ಕೂಸಿಗಿಂತ ಮೊದಲು ಗುಂಡಪ್ಪನನ್ನು ತೊಟ್ಟಿಲಿಗೆ ಹಾಕಬೇಕಲ್ಲ. ರುಬ್ಬುವ ಗುಂಡನ್ನು ಅಲ್ಲಿ ಎಲ್ಲಿಂದ ತರುವುದು? ನನ್ನ ಕುಟ್ಟಾಣಿಯ ಗುಂಡಿಗೇ ಕುಲಾಯಿ ತೊಡಿಸಿದೆ. ಹೆನ್ಯಾ ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಏನೋ ಅಂದಳು. ನೀನು ನಕ್ಕು ನನಗೆ ಕನ್ನಡ ಮಾಡಿ ಹೇಳಿದೆ: "ಈ ಮಗು ಅಳೂದಿಲ್ಲ, ಇದನ್ನೇ ಇಟ್ಕೊಳ್ಳೋಣ ಅಂತಾಳ ಅಜ್ಜಿ." ತೊಂಬತ್ತು ದಾಟಿದ ಮುದುಕಿ ತೊಟ್ಟಿಲ ಕೆಳಗೆ ಕೈ ಚಾಚಿ ಆ ಗುಂಡನ್ನು ನನ್ನಿಂದ ತೆಗೆದುಕೊಂಡಳು, ಮೇಲಿನಿಂದ ನನಗೆ ಕೊಟ್ಟಳು. ನಮ್ಮ ಊರಿನಲ್ಲೇ ಹುಟ್ಟಿದವಳ ಹಾಗೆ.

ಆಸ್ಪತ್ರೆಯಲ್ಲಿ ನೀವು ಲೀಲಾ ಎಂದು ಬರೆಸಿದ್ದಿರಿ. ಅದು ನಿಮ್ಮ ಇಷ್ಟ. ತೊಟ್ಟಿಲ ಹೆಸರು ಹಿರಿಯರದು. ನನ್ನ ಅವ್ವ ಗೌರಾಬಾಯಿಯ ಹೆಸರು ಹೇಳು ಎಂದು ನೀನೇ ಹೇಳಿದ್ದೆ, ನಾನೂ ಹೂಂ ಎಂದಿದ್ದೆ. ಹೇಳಬೇಕಾದ ಸೋದರತ್ತೆ ಇಲ್ಲ ಎಂದು ನಾನೇ ಬಗ್ಗಿದೆ. ಕಿವಿಯಲ್ಲಿ ಕುರ್ರ್ ಎಂದೆ. ಕೂಸು ನನ್ನ ಕಡೆ ಮುಖ ತಿರುಗಿಸಿತು. ಅದೇ ಹೊತ್ತಿಗೆ ತೊಟ್ಟಿಲ ಅಂಚಿನ ಮೇಲೆ ಹೆನ್ಯಾ ಅಜ್ಜಿಯ ಕೈ ಕಂಡಿತು. ಇಡೀ ವಂಶದಲ್ಲಿ ಒಬ್ಬಳೇ ಉಳಿದು ಬಂದು ಹೊಸ ವಂಶ ಕಟ್ಟಿದ ಕೈ. ಇವಳ ಹೆಸರಿಗಿಂತ ಗಟ್ಟಿ ಹೆಸರು ಯಾವುದು ಎನ್ನಿಸಿತು. ನನ್ನ ಅವ್ವನ ಹೆಸರನ್ನು ನುಂಗಿಕೊಂಡೆ. ಹೆನ್ಯಾ, ಎಂದೆ. ಕಿವಿಯಲ್ಲಿ ಹೇಳಿ, ಎಲ್ಲರಿಗೂ ಕೇಳುವ ಹಾಗೆ ಮತ್ತೊಮ್ಮೆ ಕೂಗಿದೆ. ನಿನ್ನ ಗೆಳತಿ ಕಾತ್ಯಾಯಿನಿ ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದಿದಳು.

ತಲೆ ಎತ್ತಿದರೆ ಆ ಅಜ್ಜಿಯ ಮುಖ ಬೂದಿಯಾಗಿತ್ತು. ಎದ್ದು ಕೋಟು ಹಾಕಿಕೊಂಡಳು. ಮನೆಗೆ ಬಿಡು ಎಂದು ಆರನ್‌ಗೆ ಹೇಳಿದಳು. ಕೂಸನ್ನು ಮುಟ್ಟಲಿಲ್ಲ. ನೀನು ನನಗೆ, "ಒಂದು ಮಾತ್ ಕೇಳಬೇಕಂತ ಅನಸಲಿಲ್ಲೇನವಾ ನಿನಗ?" ಎಂದು ಹೇಳಿ ಕೂಸನ್ನು ಎತ್ತಿಕೊಂಡು ಒಳಗೆ ಹೋದೆ.

ನನಗೆ ಸಿದ್ದೇಶ್ವರಿ ಎಂದು ಹೆಸರಿಟ್ಟಾಗ ಆ ಹೆಸರಿನ ನನ್ನ ಅಜ್ಜಿ ತೊಟ್ಟಿಲ ಹತ್ತಿರವೇ ಕುಳಿತಿದ್ದಳಂತೆ. "ಇನ್ನ ನಾ ಸತ್ತರೂ ಸಾಯೂದಿಲ್ಲ ಬಿಡ್ರಿ" ಎಂದು ಊರಿಗೆಲ್ಲ ಸಕ್ಕರೆ ಹಂಚಿದಳಂತೆ. ಇದರಲ್ಲಿ ಅವಮಾನ ಎಲ್ಲಿ ಬಂತು? ಹೇಳು.

ಉತ್ತರಕ್ಕೆ ಕಾಯುವ,
ನಿನ್ನ ಅವ್ವ
ಸಿದ್ದೇಶ್ವರಿ


ಅಟ್ಲಾಂಟಾ
ನವೆಂಬರ್ 20, 2022

ಅವ್ವಾ,

ನನ್ನ ಕನ್ನಡದಲ್ಲಿ ತಪ್ಪಿದ್ದರೆ ನಗಬೇಡ. ಲೀಲಾ ಮಲಗಿದ್ದಾಳೆ, ಅವಳು ಏಳುವ ಮುಂಚೆ ಬರೆಯುತ್ತೇನೆ.

ನೀನು ಕೇಳಿದ್ದೀಯ, ಅದಕ್ಕೆ ಹೇಳುತ್ತೇನೆ. ಆರನ್ ಮನೆಯ ಕಡೆ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಸತ್ತವರ ಹೆಸರು ಮಾತ್ರ ಇಡುತ್ತಾರೆ. ಬದುಕಿರುವವರ ಹೆಸರು ಇಟ್ಟರೆ "ನಿನ್ನ ಟೈಮ್ ಆಯಿತು, ಜಾಗ ಬಿಡು" ಎಂದು ಹೇಳಿದ ಹಾಗೆ. ಸಾವಿನ ದೂತ ಹೆಸರು ಹುಡುಕಿಕೊಂಡು ಬಂದು ಗೊಂದಲದಲ್ಲಿ ಯಾರನ್ನೋ ಒಯ್ಯುತ್ತಾನೆ ಎಂದು ಹಳೆಯ ಕಾಲದವರ ನಂಬಿಕೆ. ನನಗೆ ಇದು ಗೊತ್ತಿತ್ತು. ನೀನು ತೀರಿಹೋದ ಗೌರಜ್ಜಿಯ ಹೆಸರು ಹೇಳುತ್ತೀಯ ಎಂದು ನಾನು ಆರಾಮಾಗಿದ್ದೆ.

ನಿನಗೆ ಗೊತ್ತಿಲ್ಲದ ಇನ್ನೊಂದು ಇದೆ. ಮರುದಿನ ಶನಿವಾರ ಲೀಲಾಳನ್ನು ಅವರ ಗುಡಿಗೆ, ಸಿನಗಾಗ್‌ಗೆ ಕರೆದುಕೊಂಡು ಹೋಗುವವರಿದ್ದೆವು. ಅಲ್ಲಿ ಅವಳಿಗೆ ಯೆಹೂದಿ ಹೆಸರು ಕೊಡಬೇಕಿತ್ತು. ಆ ಹೆಸರನ್ನು ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ಯಾರೂ ಕೇಳಬೇಡಿ ಎಂದು ಅಜ್ಜಿ ಹೇಳಿದ್ದಳು. ಅವಳು ಬರಲಿಲ್ಲ. ಅವಳ ಮನೆಗೆ ಹೋದರೆ ಬಾಗಿಲೂ ತೆಗೆಯಲಿಲ್ಲ. ನಾವು ಮಗುವನ್ನು ಎತ್ತಿಕೊಂಡು ವಾಪಸ್ ಬಂದೆವು.

ಈಗ ಅವಳು ಆಸ್ಪತ್ರೆಯಲ್ಲಿದ್ದಾಳೆ. ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಯಿತು. ಆರನ್ ನಿನ್ನ ಬಗ್ಗೆ ಏನೂ ಹೇಳಿಲ್ಲ. ಏನೂ ಹೇಳದೆ ಇರುವುದೇ ನನಗೆ ಕಷ್ಟ.

ನೀನು ಹೆದರುತ್ತೀಯ ಎಂದು ಗೊತ್ತು. ಬಿದ್ದದ್ದು ನೀರಿನಿಂದ, ಹೆಸರಿನಿಂದ ಅಲ್ಲ.

ಅಕ್ಷಯಾ


ಹರ್ನ್‌ಡನ್
ಡಿಸೆಂಬರ್ 1, 2022

ಅಕ್ಷಯಾ,

ನಿನ್ನ ಪತ್ರ ಬಂತು. ನಿಮ್ಮಪ್ಪ ರೆಸ್ಟನ್ ಆಫೀಸಿನಿಂದ ಬಂದವರು ಓದಿ, "ನೀರಾಗ ಜಾರಿ ಬಿದ್ದಾಳ ಅಂತ ಬರದಾಳಲ್ಲ, ನಿಂದೇನೈತಿ ಅದರಾಗ?" ಎಂದರು. ನೀನೂ ಹಾಗೇ ಬರೆದಿದ್ದೀಯ. ನೀವಿಬ್ಬರೂ ಓದಿದವರು. ನಾನು ಏಳನೆಯ ಇಯತ್ತೆ. ಆದರೆ ಒಂದು ಮಾತು ಕೇಳುತ್ತೇನೆ. ನಾನು ಕಿವಿಯಲ್ಲಿ ಒಳ್ಳೆಯದನ್ನು ಹೇಳಿದರೆ ಕೂಸಿಗೆ ಒಳ್ಳೆಯದಾಗುತ್ತದೆ ಎಂದು ನಂಬಿ ತಾನೆ ನಾನು ಬಗ್ಗಿದ್ದು? ಆ ಮಾತಿಗೆ ಒಳ್ಳೆಯದು ಮಾಡುವ ಶಕ್ತಿ ಇದ್ದರೆ ಕೆಟ್ಟದ್ದು ಮಾಡುವ ಶಕ್ತಿಯೂ ಇರಬೇಕಲ್ಲ. ಬೇಕಾದಾಗ ನಂಬುವುದು, ಬೇಡವಾದಾಗ ಬಿಡುವುದು ನನ್ನಿಂದ ಆಗದು.

ಸಾವನ್ನು ಹೆಸರಿನಿಂದ ಮೋಸ ಮಾಡುವುದು ನಮ್ಮ ಊರಿಗೂ ಗೊತ್ತು. ನಿನ್ನ ದೊಡ್ಡ ಮಾವ ತಿಪ್ಪಣ್ಣನಿಗೆ ಆ ಹೆಸರು ಯಾಕೆ ಬಂತು ಎಂದುಕೊಂಡಿದ್ದೀಯ? ಅವನಿಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿಯಲಿಲ್ಲ. ಇವನು ಹುಟ್ಟಿದ ಕೂಡಲೇ ನನ್ನ ಅಜ್ಜಿ ಒಯ್ದು ತಿಪ್ಪೆಯ ಮೇಲೆ ಮಲಗಿಸಿದಳು. ನೆರೆಮನೆಯವಳು ಎತ್ತಿಕೊಂಡಳು. ನನ್ನ ಅವ್ವ ಅವಳಿಗೆ ಒಂದು ಮೊರ ಜೋಳ ಸುರಿದು ತನ್ನ ಮಗನನ್ನೇ ಕೊಂಡಳು. ಇದು ಯಾರಿಗೂ ಬೇಡವಾದ ಕೂಸು, ತಿಪ್ಪೆಯಲ್ಲಿ ಸಿಕ್ಕದ್ದು ಎಂದು ಯಮನಿಗೆ ಅನ್ನಿಸಲಿ ಎಂದು. ಅವನು ಇವತ್ತಿಗೂ ಗಟ್ಟಿಯಾಗಿದ್ದಾನೆ. ಹೆನ್ಯಾ ಅಜ್ಜಿಯ ಊರಿನವರೂ ನಮ್ಮ ಹಾಗೇ ಯಮನಿಗೆ ಹೆದರಿದವರು. ನಾನು ಕೇಳಿದ್ದರೆ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು. ಕೇಳಲಿಲ್ಲ.

ಇದರ ಜೊತೆ ಅವಳಿಗೂ ಒಂದು ಪತ್ರ ಇಟ್ಟಿದ್ದೇನೆ. ಇಂಗ್ಲಿಷ್ ಮಾಡಿ ಓದಿ ಹೇಳು. ನಯ ಮಾಡಬೇಡ. ನಾನು ಹೇಗೆ ಬರೆದಿದ್ದೇನೋ ಹಾಗೆ.

ನಿನ್ನ ಅವ್ವ


ಹರ್ನ್‌ಡನ್
ಡಿಸೆಂಬರ್ 1, 2022

ಹೆನ್ಯಾ ಅಜ್ಜಿಯವರಿಗೆ ಸಿದ್ದೇಶ್ವರಿ ಕಾಲು ಮುಟ್ಟಿ ಬರೆಯುವುದು,

ನಮ್ಮಲ್ಲಿ ದೊಡ್ಡವರ ಕಾಲು ಮುಟ್ಟುವುದು ತಪ್ಪಲ್ಲ. ನಿಮ್ಮಲ್ಲಿ ತಪ್ಪಿದ್ದರೆ ಮೊದಲು ಇದಕ್ಕೇ ಕ್ಷಮೆ ಕೇಳುತ್ತೇನೆ.

ನಿಮ್ಮ ಹೆಸರನ್ನು ನಾನು ಗೌರವ ಎಂದು ತೆಗೆದುಕೊಂಡೆ. ನಿಮ್ಮನ್ನು ಕೇಳದೆ ತೆಗೆದುಕೊಂಡೆ. ನಿಮ್ಮಿಂದ ಕೇಳದೆ ತೆಗೆದುಕೊಂಡವರು ಮೊದಲೇ ಬಹಳ ಜನ ಇದ್ದಾರೆ ಎಂದು ಮಗಳು ಹಿಂದೆಯೇ ಹೇಳಿದ್ದಳು. ಆ ಸಾಲಿನಲ್ಲಿ ನಾನೂ ನಿಂತೆನಲ್ಲ ಎಂದು ನಿದ್ದೆ ಬರುತ್ತಿಲ್ಲ.

ಆ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ನಿಮ್ಮಲ್ಲಿ ಇದ್ದರೆ ಹೇಳಿ. ಉಪವಾಸ ಎಂದರೆ ಮಾಡುತ್ತೇನೆ. ಬರಬೇಡ ಎಂದರೆ ಮೊಮ್ಮಗಳನ್ನು ನೋಡಲು ಬರುವುದಿಲ್ಲ. ನಾನು ದಿನಾ ಲಿಂಗಪೂಜೆ ಮಾಡುವವಳು. ನಿಮ್ಮ ಆಯುಷ್ಯ ಗಟ್ಟಿ ಮಾಡು ಎಂದು ದಿನಾ ಕೇಳುತ್ತಿದ್ದೇನೆ. ನಿಮ್ಮ ದೇವರೂ ನನ್ನ ಶಿವನೂ ಒಬ್ಬನೇ ಎಂದು ನನ್ನ ನಂಬಿಕೆ. ಅದನ್ನೂ ನಿಮ್ಮನ್ನು ಕೇಳಿಯೇ ಹೇಳಬೇಕೇನೋ.

ಕೂಸಿನ ತಪ್ಪು ಏನೂ ಇಲ್ಲ. ಅವಳನ್ನು ಒಮ್ಮೆ ಎತ್ತಿಕೊಳ್ಳಿ.

ಸಿದ್ದೇಶ್ವರಿ


ಅಟ್ಲಾಂಟಾ
ಡಿಸೆಂಬರ್ 22, 2022

ಅವ್ವಾ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಜಗಳ ಆಡುತ್ತೇವೆ, ಪತ್ರದಲ್ಲಿ ಕೇಳುತ್ತೇವೆ. ಅದಕ್ಕೆ ಇದು.

ಅಜ್ಜಿ ಈಗ ಆಸ್ಪತ್ರೆಯಿಂದ ಮತ್ತೆ ನಡೆಯಲು ಕಲಿಸುವ ರಿಹ್ಯಾಬ್‌ಗೆ ಬಂದಿದ್ದಾಳೆ. ಹನುಕಾ ಹಬ್ಬದ ದೀಪ ಹಚ್ಚಲು ನಾನೂ ಆರನ್‌ನೂ ಹೋಗಿದ್ದೆವು. ಅಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಬ್ಯಾಟರಿ ದೀಪ. "ದೇವರು ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೋ ಇಲ್ಲವೋ" ಎಂದು ಅಜ್ಜಿ ಗೊಣಗಿದಳು. ಒಳ್ಳೆಯ ಮೂಡಿನಲ್ಲಿದ್ದಾಳೆ ಎಂದು ನಿನ್ನ ಪತ್ರ ಓದಿದೆ. ನಯ ಮಾಡಲಿಲ್ಲ.

ಮೊದಲು ನಕ್ಕಳು. "ಸಾವಿನ ದೂತನಿಗೆ ನನ್ನ ಅಡ್ರೆಸ್ ಗೊತ್ತಿದೆ, ಅವನು ಹೆಸರು ಕೇಳಿಕೊಂಡು ಬರಬೇಕಾಗಿಲ್ಲ. ನಿನ್ನ ತಾಯಿಗೆ ಹೇಳು, ಅದಕ್ಕಾಗಿ ನಾನು ಎದ್ದು ಹೋಗಲಿಲ್ಲ" ಎಂದಳು. ಆಮೇಲೆ ಹೇಳಿದ್ದನ್ನು ನಾನು ನಿನಗೆ ಹಾಗೇ ಹೇಳಲು ಪ್ರಯತ್ನ ಮಾಡುತ್ತೇನೆ.

ಅವ್ವಾ, ಅವಳಿಗೆ ಒಬ್ಬ ತಂಗಿ ಇದ್ದಳು. ಆರನ್‌ಗೂ ಗೊತ್ತಿರಲಿಲ್ಲ. ಅವನ ಅಪ್ಪನಿಗೂ ಗೊತ್ತಿಲ್ಲ.

ತಮ್ಮನ್ನು ಒಯ್ಯುವ ಮುಂಚೆ ಅಪ್ಪ ಅವ್ವ ಈ ಇಬ್ಬರನ್ನೂ ದೂರದ ಹಳ್ಳಿಯ ಒಬ್ಬ ರೈತಮಹಿಳೆಯ ಹತ್ತಿರ ಬಿಟ್ಟರಂತೆ. ಅವಳು ಕ್ರಿಶ್ಚಿಯನ್. ಇವರು ನನ್ನ ಅಕ್ಕನ ಮಕ್ಕಳು ಎಂದು ಊರಿಗೆ ಹೇಳಿದಳು. ಹೆನ್ಯಾ ಜೋಫ್ಯಾ ಆದಳು, ತಂಗಿ ಮರಿಶಾ ಆದಳು. ಹೆನ್ಯಾಗೆ ಹನ್ನೊಂದು, ತಂಗಿಗೆ ನಾಲ್ಕು. ಸಣ್ಣ ಮಗು, ಹಳೆಯ ಹೆಸರಿಗೇ ತಿರುಗುತ್ತಿತ್ತು. ಯಾರಾದರೂ ಪರೀಕ್ಷೆ ಮಾಡಲು ಆ ಹೆಸರು ಕರೆದು ಅವಳು ತಿರುಗಿದರೆ ಮನೆಯವರೆಲ್ಲರ ಪ್ರಾಣ ಹೋಗುತ್ತಿತ್ತು. ಅದಕ್ಕೆ ಅಜ್ಜಿ ಅವಳಿಗೆ ಕಲಿಸಿದಳು. ದನದ ಕೊಟ್ಟಿಗೆಯಲ್ಲಿ ಹಿಂದಿನಿಂದ ನಿಂತು ನಿಜವಾದ ಹೆಸರನ್ನು ಕರೆಯುವುದು. ತಿರುಗಿದರೆ ಕೆನ್ನೆಗೆ ಹೊಡೆಯುವುದು. ಮತ್ತೆ ಕರೆಯುವುದು. ಚಳಿಗಾಲ ಮುಗಿಯುವ ಹೊತ್ತಿಗೆ ತಂಗಿ ಕಲಿತಳು.

ಮುಂದಿನ ವರ್ಷ ತಂಗಿಗೆ ಜ್ವರ ಬಂತು. ಡಾಕ್ಟರನ್ನು ಕರೆಯುವ ಹಾಗಿರಲಿಲ್ಲ. ಕೊನೆಯ ದಿನ ಹೆನ್ಯಾ ಅವಳ ಪಕ್ಕ ಮಲಗಿ ನಿಜವಾದ ಹೆಸರಿನಿಂದ ಕರೆದಳು. ತಂಗಿಗೆ ಎಚ್ಚರ ಇತ್ತು. ಕಣ್ಣು ತೆರೆದಿತ್ತು. ತಿರುಗಲಿಲ್ಲ. "ನಾನು ಅಷ್ಟು ಚೆನ್ನಾಗಿ ಕಲಿಸಿದ್ದೆ" ಎಂದಳು ಅಜ್ಜಿ.

ಮರಿಶಾ ಎಂದು ಶಿಲುಬೆ ನೆಟ್ಟು ಚರ್ಚಿನ ಸ್ಮಶಾನದಲ್ಲಿ ಹೂಳಿದರು. ನಿಜವಾದ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅಜ್ಜಿ ಅದನ್ನು ಆಮೇಲೆ ಬಾಯಲ್ಲಿ ಹೇಳಿಲ್ಲ. ಅವಳಿಗೆ ಹುಟ್ಟಿದ್ದು ಮಗ, ಅವನಿಗೆ ತನ್ನ ಅಪ್ಪನ ಹೆಸರು ಇಟ್ಟಳು. ಮೊಮ್ಮಗನಿಗೆ ಅಣ್ಣನ ಹೆಸರು, ಅದೇ ಆರನ್. ಹುಡುಗಿ ಹುಟ್ಟಿದರೆ ಹೇಳುತ್ತೇನೆ ಎಂದು ಕಾಯುತ್ತಿದ್ದಳು. ಹುಡುಗಿ ಎಂದು ಹುಟ್ಟಿದವಳು ನಮ್ಮ ಲೀಲಾಳೇ ಮೊದಲು. ಆ ಶನಿವಾರ ಹೇಳಬೇಕು ಎಂದು ಧೈರ್ಯ ಕೂಡಿಸಿಕೊಂಡಿದ್ದಳು. ಶುಕ್ರವಾರ ನೀನು ತಂಗಿಯ ಜಾಗದಲ್ಲಿ ಅವಳದೇ ಹೆಸರು ಕೂಗಿದೆ. "ಇಲ್ಲೂ ಉಳಿದವಳು ನಾನೇ, ಅವಳಿಗೆ ಇಲ್ಲೂ ಜಾಗ ಇಲ್ಲ ಎನ್ನಿಸಿತು" ಎಂದಳು.

ಆರನ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ನಾನು, "ಈಗ ಹೇಳು ಅಜ್ಜಿ, ಆ ಹೆಸರು ಏನು?" ಎಂದೆ. ತಲೆ ಅಲ್ಲಾಡಿಸಿದಳು. ಆಮೇಲೆ ಹೇಳಿದ್ದು ಇದು: "ನಾನು ಕರೆದರೆ ತಿರುಗುವುದಿಲ್ಲ. ನಿನ್ನ ತಾಯಿ ಕಿವಿಯಲ್ಲಿ ಏನೋ ಅಂದಾಗ ಮಗು ಅವಳ ಕಡೆ ತಿರುಗಿತು, ನಾನು ನೋಡಿದೆ. ಅವಳು ಬರಲಿ. ನಾನು ಅವಳ ಕಿವಿಯಲ್ಲಿ ಹೇಳುತ್ತೇನೆ, ಅವಳು ಮಗುವಿನ ಕಿವಿಯಲ್ಲಿ ಹೇಳಲಿ."

ಬಾ ಅವ್ವಾ. ಬೇಗ ಬಾ.

ಅಕ್ಷಯಾ


ಹರ್ನ್‌ಡನ್
ಡಿಸೆಂಬರ್ 30, 2022

ನನ್ನ ಬಂಗಾರ ಅಕ್ಷಯಾ,

ನಿನ್ನ ಪತ್ರವನ್ನು ದೇವರ ಮುಂದೆ ಇಟ್ಟು ಅತ್ತೆ. ಆ ತಂಗಿಗಾಗಿ ಅತ್ತೆ, ಹೊಡೆದ ಅಕ್ಕನಿಗಾಗಿ ಇನ್ನೂ ಹೆಚ್ಚು ಅತ್ತೆ. ಅವಳು ನನ್ನನ್ನು ಕರೆದಳಲ್ಲ, ಅಷ್ಟು ದೊಡ್ಡ ಮನಸ್ಸು ಯಾರಿಗಿದೆ? ಬರುತ್ತೇನೆ. ಖಂಡಿತ ಬರುತ್ತೇನೆ.

ಆದರೆ ಈಗ ಪುಷ್ಯಮಾಸ ನಡೆದಿದೆ. ಶೂನ್ಯಮಾಸ. ಈ ತಿಂಗಳಲ್ಲಿ ನಮ್ಮವರು ಯಾರೂ ಕೂಸಿಗೆ ಹೆಸರು ಹೇಳುವುದಿಲ್ಲ. ಎಂಬತ್ತು ವರ್ಷ ಕಾದ ಹೆಸರನ್ನು ಬರಿದಾದ ತಿಂಗಳಲ್ಲಿ ಕಿವಿಗೆ ಹಾಕಲೇ? ಅವರಾತ್ರಿ ಅಮಾವಾಸ್ಯೆ ಕಳೆದು ಮಾಘ ಹುಟ್ಟಲಿ. ಜನವರಿಯ ಕೊನೆಯ ವಾರ ಶುದ್ಧ ಪಂಚಮಿ ಬರುತ್ತದೆ. ಊರಿಗೆ ಫೋನ್ ಮಾಡಿ ಪಂಚಾಂಗ ನೋಡುವ ಅಯ್ಯನವರಿಗೂ ಕೇಳಿಸಿದೆ, ಕೂಸಿನ ನಕ್ಷತ್ರಕ್ಕೆ ಅಂದು ಬಹಳ ಒಳ್ಳೆಯದಂತೆ.

ನಿಮ್ಮಪ್ಪ, "ಏ, ಕಾರ್ ಹೊರಗ ತಗೀಲೇನು? ಒಂದು ಹಗಲಿನ ದಾರಿ" ಎಂದರು. "ನಿಮಗೇನ್ ತಿಳೀತೈತಿ, ಸುಮ್ಮನಿರ್ರಿ" ಎಂದೆ. "ನೀ ಆ ಮುದುಕಿಗೆ ಕೇಳೀಯೇನು, ಪಂಚಮಿತನಕ ಇರ್ತೀಯೇನು ಅಂತ?" ಎಂದರು. ಕೆಟ್ಟ ಬಾಯಿ. ಎರಡು ದಿನದಿಂದ ಅವರ ಜೊತೆ ಮಾತು ಬಿಟ್ಟಿದ್ದೇನೆ.

ಸಿಟ್ಟಾಗಬೇಡ ಮಗಳೇ. ಒಮ್ಮೆ ಅವಸರ ಮಾಡಿ ಕೆಡಿಸಿದೆ. ಈ ಸಲ ಒಂದು ಕೂದಲೆಳೆಯಷ್ಟೂ ತಪ್ಪಬಾರದು. ಹೊಸ ಸೀರೆ ತೆಗೆದಿಟ್ಟಿದ್ದೇನೆ. ಅಲ್ಲಿಯವರೆಗೆ ಒಪ್ಪತ್ತು ಮಾಡುತ್ತೇನೆ. ಹೆನ್ಯಾ ಅಜ್ಜಿಗೆ ನನ್ನ ನಮಸ್ಕಾರ ಹೇಳಿ ಇದನ್ನು ತಿಳಿಸು. ಅವಳಿಗೆ ಅರ್ಥವಾಗುತ್ತದೆ.

ನಿನ್ನ ಅವ್ವ


ಅಟ್ಲಾಂಟಾ
ಜನವರಿ 6, 2023

ಅವ್ವಾ,

ಎರಡು ಸಲ ಫೋನ್ ಮಾಡಿದೆ. ನೀನು ಪೂಜೆಯಲ್ಲಿ ಇದ್ದೀಯ ಎಂದರು ಅಪ್ಪ. ನೀನು ಬೇಕೆಂದೇ ಬರುತ್ತಿಲ್ಲ ಫೋನಿಗೆ. ಅದಕ್ಕೆ ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ.

ನಿನ್ನ ಪಂಚಮಿಯ ಬಗ್ಗೆ ಅಜ್ಜಿಗೆ ಹೇಳಿದೆ. ಸಿಟ್ಟಾಗಲಿಲ್ಲ. "ನಮ್ಮ ಅಮ್ಮನೂ ದಿನ ನೋಡುತ್ತಿದ್ದಳು. ಕಾಯಲಿ, ನನಗೆ ಕಾದು ಅಭ್ಯಾಸ" ಎಂದಳು. ಆದರೆ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ಕೆಮ್ಮು ಶುರುವಾಗಿದೆ. ಲೀಲಾಳನ್ನು ಪಕ್ಕದಲ್ಲಿ ಮಲಗಿಸಿದರೆ ಕೈ ಇಡುತ್ತಾಳೆ, ಮಾತಾಡಿಸುವುದಿಲ್ಲ. ಹೆಸರಿಲ್ಲದೆ ಹೇಗೆ ಮಾತಾಡಿಸಲಿ ಎನ್ನುತ್ತಾಳೆ.

ನಿನಗೆ ಬಯ್ಯಬೇಕು ಎಂದು ಕುಳಿತೆ. ಬರೆಯಲು ಬರುತ್ತಿಲ್ಲ. ನನ್ನ ಕನ್ನಡದಲ್ಲಿ ಬೈಗುಳ ಕಮ್ಮಿ, ನೀನು ಕಲಿಸಲಿಲ್ಲ.

ಇವತ್ತೇ ಹೊರಡು. ಪ್ಲೀಸ್.

ಅಕ್ಷಯಾ


ಹರ್ನ್‌ಡನ್
ಫೆಬ್ರವರಿ 6, 2023

ಅಕ್ಷಯಾ,

ನಿಮ್ಮ ಮನೆಯಿಂದ ಬಂದು ಇಷ್ಟು ದಿನವಾಯಿತು. ಅಲ್ಲಿದ್ದಾಗ ನಾವು ಇಬ್ಬರೂ ಪಾತ್ರೆ ತೊಳೆದೆವು, ಬಂದವರಿಗೆ ಊಟ ಬಡಿಸಿದೆವು, ಕೂಸನ್ನು ಒಬ್ಬರಿಂದ ಒಬ್ಬರು ಎತ್ತಿಕೊಂಡೆವು. ಮಾತಾಡಲಿಲ್ಲ. ಬರೆದರೆ ಕೇಳುತ್ತೀಯ ಎಂದು ಬರೆಯುತ್ತಿದ್ದೇನೆ.

ನಿನ್ನ ಎಕ್ಸ್‌ಪ್ರೆಸ್ ಪತ್ರ ಬಂದಾಗಲೂ ನಾನು ಹೊರಡಲಿಲ್ಲ. ಎರಡೇ ವಾರ, ಶಿವ ಕಾಯುತ್ತಾನೆ ಎಂದು ಕುಳಿತೆ. ಅಜ್ಜಿಗೆ ಉಸಿರಾಟ ಕಷ್ಟವಾಗಿದೆ, ಮುಖಕ್ಕೆ ಮಾಸ್ಕ್ ಹಾಕಿದ್ದಾರೆ ಎಂದು ನಿನ್ನ ಫೋನ್ ಬಂದಾಗ ಬಟ್ಟೆ ತುಂಬಿದೆ. ನಾವು ಹೊರಡುವ ಮುಂಚೆಯೇ ಹೋದಳು ಎಂದು ಆರನ್ ಫೋನ್ ಮಾಡಿದ. ಮರುದಿನವೇ ಮಣ್ಣು ಎಂದ. ನಿಮ್ಮಪ್ಪ ಬೆಳಕು ಹರಿಯುವ ಮೊದಲೇ ಕಾರ್ ತೆಗೆದರು. ಸೌತ್ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್ ಹತ್ತಿರ ಗ್ಯಾಸ್ ಹಾಕಿಸಲು ನಿಂತಾಗ ನಿನ್ನ ಮೆಸೇಜ್ ಬಂತು, ಮಣ್ಣು ಮುಗಿಯಿತು ಎಂದು. ನಿಮ್ಮಪ್ಪ ಪೈಪು ಹಿಡಿದುಕೊಂಡೇ ನಿಂತಿದ್ದರು. ನಾನು ಹೇಳಿದೆ. ಅವರು, "ನಡಿ, ಕೂಸಿನ ಮುಖನರ ನೋಡೂಣು" ಎಂದರು. ನಾನು ಹೇಳಿದ್ನಿಲ್ಲೋ ಎಂದು ಒಂದು ಮಾತು ಅನ್ನಬಹುದಾಗಿತ್ತು. ಅನ್ನಲಿಲ್ಲ. ಆ ಮನುಷ್ಯನ ಜೊತೆ ನಾನು ಮಾತು ಬಿಟ್ಟಿದ್ದೆ ನೋಡು.

ನಿಮ್ಮ ಮನೆಯಲ್ಲಿ ಅವರ ಸೂತಕದ ಪದ್ಧತಿಯಂತೆ ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದ್ದರು. ಆರನ್ ಅಂಗಿ ಹರಿದುಕೊಂಡು ಸಣ್ಣ ಮಣೆಯ ಮೇಲೆ ಕುಳಿತಿದ್ದ. ಬಂದವರೆಲ್ಲ ಅಜ್ಜಿಯ ಬಗ್ಗೆ ಒಂದೊಂದು ಮಾತು ಹೇಳಿದರು. ಅವಳ ಮಗ, ಆರನ್‌ನ ಅಪ್ಪ, ಫ್ಲಾರಿಡಾದಿಂದ ಬಂದವನು ನನ್ನ ಹತ್ತಿರ ಬಂದು ನಿನ್ನ ಕೈಯಲ್ಲಿ ಕೇಳಿಸಿದ: "ನನ್ನ ತಾಯಿ ನಿಮಗೆ ಏನಾದರೂ ಹೇಳಿದ್ದಳೇ? ನಿಮಗೆ ಮಾತ್ರ ಹೇಳುತ್ತೇನೆ ಎಂದಿದ್ದಳಂತೆ." ಇಲ್ಲ ಎಂದೆ. ಎಪ್ಪತ್ತು ದಾಟಿದವನು, ಚಿಕ್ಕ ಹುಡುಗನ ಹಾಗೆ ಇನ್ನೊಮ್ಮೆ ಕೇಳಿದ. ಇಲ್ಲ ಎಂದೆ.

ಕೊನೆಯ ದಿನ ಅಜ್ಜಿ ನನ್ನನ್ನು ಕೇಳಿದಳೇ ಎಂದು ನಾನು ನಿನ್ನನ್ನು ಕೇಳಲಿಲ್ಲ. ನೀನೂ ಹೇಳಲಿಲ್ಲ. ಅದು ಹಾಗೇ ಇರಲಿ.

ಪಂಚಮಿ ಬಂತು, ಹೋಯಿತು. ಅಂದು ನಾನು ಇಲ್ಲಿ ತಲೆ ಮೇಲೆ ನೀರು ಹಾಕಿಕೊಂಡು ಲಿಂಗ ಹಿಡಿದು ಕುಳಿತೆ. ಏನನ್ನೂ ಬೇಡಲು ಬಾಯಿ ಬರಲಿಲ್ಲ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಅವನು ಬಾ ಎಂದು ಕರೆಸಿದ್ದ. ದಿನ ಸರಿಯಿಲ್ಲ ಎಂದವಳು ನಾನು.

ನಿನ್ನ ಅವ್ವ


ಅಟ್ಲಾಂಟಾ
ಏಪ್ರಿಲ್ 12, 2023

ಅವ್ವಾ,

ತಡ ಮಾಡಿದೆ. ಬರೆಯಬೇಕು ಎಂದು ಕುಳಿತಾಗಲೆಲ್ಲ ಸಿಟ್ಟು ಬರುತ್ತಿತ್ತು. ಈಗ ಸಿಟ್ಟು ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕಮ್ಮಿಯಾಗಿದೆ.

ಆರನ್ ಆ ಹಳ್ಳಿಯನ್ನು ಹುಡುಕಿ ಅಲ್ಲಿಯ ಚರ್ಚಿಗೆ ಬರೆದಿದ್ದ. ಮರದ ಶಿಲುಬೆಗಳೆಲ್ಲ ಎಂದೋ ಕೊಳೆತು ಹೋಗಿವೆ, ಆ ಜಾಗದಲ್ಲಿ ಬೇರೆಯವರನ್ನು ಹೂಳಿದ್ದಾರೆ ಎಂದು ಉತ್ತರ ಬಂತು. ಅಜ್ಜಿಯ ಹುಟ್ಟೂರಿನಲ್ಲಿ ಹಳೆಯ ದಾಖಲೆಗಳು ಯುದ್ಧದಲ್ಲಿ ಸುಟ್ಟಿವೆ, ಕೇಳಲು ಅವಳ ಕಡೆಯವರು ಯಾರೂ ಇಲ್ಲ. ಮರಿಶಾ ಎಂದು ಇಡೋಣವೇ ಎಂದು ಒಂದು ದಿನ ಆರನ್ ಕೇಳಿದ. ಬೇಡ, ಆ ಹೆಸರು ಅವಳಿಗೆ ಹೊಡೆದು ಕಲಿಸಿದ್ದು ಎಂದೆ. ಅವನು ಒಪ್ಪಿದ.

ಮೇ ತಿಂಗಳ ಮೊದಲ ಶನಿವಾರ ಸಿನಗಾಗ್‌ನಲ್ಲಿ ಹೆಸರು ಕೊಡುತ್ತೇವೆ. ಹೆನ್ಯಾ ಎಂದು. ಈಗ ಕೊಡಬಹುದು ಎಂದು ಅಲ್ಲಿಯ ಗುರು ರಬ್ಬಿ ಹೇಳಿದರು. ಮನೆಯಲ್ಲಿ ಆರನ್ ಆಗಲೇ ಹಾಗೆ ಕರೆಯಲು ಶುರು ಮಾಡಿದ್ದಾನೆ, ಈಗ ನಾನೂ ಕರೆಯುತ್ತೇನೆ. ನೀನು ಮೊದಲೇ ಇಟ್ಟ ಹೆಸರು, ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ನಿನಗೆ ಸರಿಯೇ? ಬಂದು ಕಿವಿಯಲ್ಲಿ ಹೇಳುತ್ತೀಯಾ?

ಕೂರಲು ಕಲಿತಿದ್ದಾಳೆ. ಹಿಂದಿನಿಂದ ಹೆನ್ಯಾ ಎಂದರೆ ತಿರುಗಿ ನೋಡಿ ನಗುತ್ತಾಳೆ. ಒಂದು ಹಲ್ಲು ಬಂದಿದೆ.

ಅಕ್ಷಯಾ


ಹರ್ನ್‌ಡನ್
ಏಪ್ರಿಲ್ 20, 2023

ಅಕ್ಷಯಾ,

ಕೇಳಿದೆಯಲ್ಲ, ಅದಕ್ಕೆ ನಿನ್ನ ಹೊಟ್ಟೆ ತಣ್ಣಗಿರಲಿ.

ಹೆನ್ಯಾ ಎಂದೇ ಇಡಿ. ಒಳ್ಳೆಯ ಹೆಸರು. ಈಗ ಅದು ನಿಮ್ಮ ಪದ್ಧತಿಗೂ ಸರಿ, ನಮ್ಮ ಪದ್ಧತಿಗೂ ಸರಿ. ನಾವು ಶುಕ್ರವಾರ ಹೊತ್ತು ಮುಳುಗುವ ಮೊದಲೇ ಬಂದು ಮುಟ್ಟುತ್ತೇವೆ. ಆರನ್‌ನ ಅಪ್ಪನಿಗೆ ಶೇಂಗಾ ಹೋಳಿಗೆ ಸೇರಿದವು ಎಂದು ನೀನು ಹೇಳಿದ್ದೆ, ಮಾಡಿ ತರುತ್ತೇನೆ. ತುಪ್ಪ ನಡೆಯುತ್ತದೆಯೋ ಇಲ್ಲವೋ ಬರೆ.

ಆದರೆ ಕಿವಿಯಲ್ಲಿ ನಾನು ಹೇಳಲಾರೆ. ಆರನ್ ಹೇಳಲಿ, ಇಲ್ಲವೇ ಅವನ ಅಪ್ಪ ಹೇಳಲಿ. ಹಟ ಎಂದುಕೊಳ್ಳಬೇಡ. ನಾನು ಬಗ್ಗಿದರೆ ಆ ಅಜ್ಜಿ ನನ್ನ ಕಿವಿಗೆ ಹಾಕಬೇಕೆಂದಿದ್ದ ಹೆಸರೇ ಬೇಕಾಗುತ್ತದೆ, ಅದು ನನ್ನ ಹತ್ತಿರ ಇಲ್ಲ. ಅದು ಹೇಗಿದ್ದೀತು ಎಂದು ಅನ್ನ ಬಸಿಯುವಾಗ, ವಿಭೂತಿ ಹಚ್ಚಿಕೊಳ್ಳುವಾಗ ಯೋಚಿಸುತ್ತೇನೆ. ಅವರ ಭಾಷೆ ನನಗೆ ಗೊತ್ತಿಲ್ಲ, ಊಹೆಗೂ ಬರುವುದಿಲ್ಲ. ದಿನಾ ಪೂಜೆಯಲ್ಲಿ ನಮ್ಮ ಮನೆಯ ಸತ್ತವರನ್ನೆಲ್ಲ ಹೆಸರು ಹಿಡಿದು ನೆನೆಯುತ್ತೇನೆ. ಅವಳನ್ನು ನೆನೆಯಬೇಕಾದಾಗ, ಆ ತಂಗಿ, ಎನ್ನುತ್ತೇನೆ. ಅಷ್ಟೇ ನನ್ನ ಬಾಯಿಗೆ ಬರುವುದು.

ಕರೆದರೆ ಕೂಸು ತಿರುಗಿ ನಗುತ್ತಾಳೆ ಎಂದು ಬರೆದಿದ್ದೀಯ. ಬೇರೆ ಯಾವ ಅಜ್ಜಿಗಾದರೂ ಅಷ್ಟು ಸಾಕಾಗುತ್ತಿತ್ತು. ನನಗೂ ಸಾಕಾಗಲಿ ಎಂದು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಸಾಕಾಗುತ್ತಿಲ್ಲ ಮಗಳೇ.

ನಿನ್ನ ಅವ್ವ
ಸಿದ್ದೇಶ್ವರಿ